ಸಣ್ಣರಂಗಯ್ಯನ ಇಸ್ತ್ರಿಪೆಟ್ಟಿಗೆ

ಯಶಸ್ವಿನಿ ತೆಂಗಿನ ಕರಟಕ್ಕೆ ಬೆಂಕಿ ಹಚ್ಚಿ ಊದುತ್ತಿದ್ದಳು. ಹೊಗೆ ಕಂಡು ಅತ್ತೆ ಕಾಟಮ್ಮ ನಡುಮನೆಯಿಂದ ಎದ್ದು ಬಂದಳು.

"ಅಯ್ಯೋ, ಏನಮ್ಮ ಇದು? ನೆನ್ನೆ ಮಣ್ಣು ಮಾಡಿ ಬಂದವ್ರೆ. ಹಾಲುತುಪ್ಪ ಬುಡೋಗಂಟ ಈ ಮನೇಲಿ ಬೆಂಕಿ ಹಚ್ಚಂಗಿಲ್ಲ."

"ಒಲೆ ಹಚ್ಚಿಲ್ಲ ಅತ್ತೆ. ಇಸ್ತ್ರಿಪೆಟ್ಟಿಗೆಗೆ."

"ಯಾರ ಬಟ್ಟೆಗೆ?"

ಯಶಸ್ವಿನಿ ಕೆಂಡವನ್ನು ಪೆಟ್ಟಿಗೆಗೆ ತುಂಬಿದಳು. ಅಗಸರ ಸಣ್ಣರಂಗಯ್ಯನಿಂದ ಶುಕ್ರವಾರ ಗಂಡ ಓಬಳರಾಜು ಈಸಿಕೊಂಡು ಬಂದದ್ದು ಅದು. ಶನಿವಾರ ಶಿರಾ ರಸ್ತೆಯಲ್ಲಿ ಲಾರಿ ಅವನ ಬೈಕಿಗೆ ಗುದ್ದಿತು. ಇವತ್ತು ಸೋಮವಾರ. ರಜೆ ಮುಗಿದು ಅವನು ಕಾರವಾರಕ್ಕೆ, ನೌಕಾಪಡೆಯ ಹಡಗಿಗೆ ಹೊರಡಬೇಕಿದ್ದ ದಿನ.

*

ನಿನ್ನೆ ಹೆಣ ಅಂಗಳದಲ್ಲಿದ್ದಾಗಲೇ ಮಧುಗಿರಿಯಿಂದ ಫ್ಲೆಕ್ಸ್ ಬಂದಿತ್ತು. 'ವೀರಯೋಧನಿಗೆ ನಮನ'. ತಲೆ ಓಬಳರಾಜುವಿನದು. ಮೈ ಯಾರೋ ಸೈನಿಕನದು: ಹಸಿರು ಸಮವಸ್ತ್ರ, ಕೈಯಲ್ಲಿ ಬಂದೂಕು, ಹಿಂದೆ ಹಿಮದ ಬೆಟ್ಟ.

"ರುದ್ರ, ಇದು ನಿಮ್ಮಣ್ಣ ಅಲ್ಲ," ಎಂದಳು ಯಶಸ್ವಿನಿ ಮೈದುನ ತಿಪ್ಪೇರುದ್ರನಿಗೆ.

"ಬಿಳಿ ಬಟ್ಟೆ ಫೋಟೊನೇ ಕೊಟ್ಟಿದ್ದೆ ಅತ್ಗೆ. ಬ್ಯಾಂಡ್‌ಸೆಟ್ನೋನಂಗೆ ಕಾಣ್ತಾನೆ ಅಂದ್ಬುಟ್ಟ ಅಂಗಡಿಯೋನು."

ಚಟ್ಟ ಕಟ್ಟುತ್ತಿದ್ದ ಬೊಮ್ಮಣ್ಣ ಅಲ್ಲಿಂದಲೇ ಸೇರಿಸಿದ: "ಗನ್ ಇದ್ರೇನೇ ಕಣ್ಲಾ ಗತ್ತು. ನಮ್ ಪುರವರದಾಗೆ ನೇವಿ ಅಂದ್ರೆ ಯಾವನಿಗ್ಲಾ ಗೊತ್ತು?"

ಯಾರೋ ನಕ್ಕರು. ಹೆಣದ ಮುಂದೆ ನಕ್ಕರು.

*

ಹತ್ತೊಂಬತ್ತನೇ ವಯಸ್ಸಿಗೆ ಒಡಿಶಾದ ತರಬೇತಿಗೆ ಹೋದಾಗ ಓಬಳರಾಜುವಿಗೆ ಈಜು ಬರುತ್ತಿರಲಿಲ್ಲ. ಎತ್ತರದ ಹಲಗೆಯಿಂದ ಕೊಳಕ್ಕೆ ಹಾರಿದವನು ಗುಂಡುಕಲ್ಲಿನಂತೆ ಮುಳುಗಿದ್ದ.

"ನಲವತ್ತು ದಿನ ಮೂಗ್ನಾಗೆಲ್ಲ ನೀರು ಕುಡಿದು ಈಜು ಕಲ್ತೆ ಕಣೇ," ಎನ್ನುತ್ತಿದ್ದ. "ಕಾಲರಿನ ಮಡಿಕೆ ಒಂಚೂರು ಸೊಟ್ಟಗಾದ್ರೂ ಮೈದಾನ ಸುತ್ತಬೇಕು. ಈ ಬಿಳಿ ಬಟ್ಟೇನ ಯಾರೂ ಸುಮ್ನೆ ಕೊಡ್ಲಿಲ್ಲ."

ವಿಶಾಖಪಟ್ಟಣ, ಕೊಚ್ಚಿ, ಕಾರವಾರ. ಎಲ್ಲಿಗೆ ಹಾಕಿದರೂ, ರಜೆ ಮುಗಿಸಿ ಹೊರಡುವ ಮುನ್ನ ಸಣ್ಣರಂಗಯ್ಯನ ಪೆಟ್ಟಿಗೆ ತಂದು ತಾನೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದ. ಕರೆಂಟಿನದಕ್ಕೆ ತೂಕವಿಲ್ಲ ಎನ್ನುತ್ತಿದ್ದ.

*

ಅಂಗಿ ಮುಗಿಯಿತು. ಬೆನ್ನ ಮೇಲೆ ಇಳಿಬೀಳುವ ನೀಲಿ ಕಾಲರಿನ ಮಡಿಕೆಯನ್ನು ಅವಳು ಎರಡು ಸಲ ಒತ್ತಿ, ಅಂಗಿ ಹಿಡಿದು ಬಾಗಿಲತ್ತ ನಡೆದಳು.

"ಹೊಸ್ತಿಲು ದಾಟಬ್ಯಾಡ ಕಣಮ್ಮ. ಜನ ಆಡ್ಕೊಂತಾರೆ."

"ನೆನ್ನೆ ನಿಮ್ಮ ಮಗನ್ನೇ ಆಡ್ಕೊಂಡ್ರಲ್ಲ ಅತ್ತೆ!"

ಕಾಟಮ್ಮ ಬಳೆಗೆ ಸಿಕ್ಕಿಸಿದ್ದ ಪಿನ್ನುಗಳನ್ನು ಬಿಚ್ಚಿ ಸೊಸೆಯ ಅಂಗೈಗೆ ಹಾಕಿದಳು.

ಮನೆ ಮುಂದಿನ ಬೇವಿನ ಮರಕ್ಕೆ ಕಟ್ಟಿದ್ದ ಫ್ಲೆಕ್ಸಿನಲ್ಲಿ, ಗಂಡನ ಕತ್ತಿನ ಕೆಳಗೆ, ಯಶಸ್ವಿನಿ ಬಿಳಿ ಅಂಗಿಯನ್ನು ಚುಚ್ಚಿ ನಿಲ್ಲಿಸಿದಳು. ಹಸಿರು ಮೈ, ಬಂದೂಕು, ಎರಡೂ ಮುಚ್ಚಿಹೋದವು. ಆಮೇಲೆ ಪೆಟ್ಟಿಗೆ ಎತ್ತಿಕೊಂಡು ಬೀದಿಗಿಳಿದಳು.

ಬೀದಿಯ ತುದಿಯಲ್ಲಿ ಸಣ್ಣರಂಗಯ್ಯ ಇಸ್ತ್ರಿ ಹಲಗೆಯ ಹಿಂದಿನಿಂದ ಎದ್ದುನಿಂತ. "ನೀವ್ಯಾಕ್ ತರಕ್ಕೋದ್ರಿ ತಾಯಿ, ನಾನೇ ಬರ್ತಿದ್ನಲ್ಲ."

"ಅವ್ರು ಸೋಮವಾರ ವಾಪಸ್ ಕೊಡ್ತೀನಿ ಅಂದಿದ್ರಂತಲ್ಲ."

ಅವನು ಮುಚ್ಚಳ ತೆಗೆದ. ಕೆಂಡ ಇನ್ನೂ ಕೆಂಪಗಿತ್ತು. ಸೂತಕದ ಮನೆಯ ಬೆಂಕಿಯನ್ನು ಊರಲ್ಲಿ ಯಾರೂ ಮುಟ್ಟುವುದಿಲ್ಲ. ಅವಳು ಅದನ್ನು ಚೆಲ್ಲಲೆಂದು ಕೈ ಚಾಚಿದಳು.

ಸಣ್ಣರಂಗಯ್ಯ ಬೇವಿನ ಮರದತ್ತ ಒಮ್ಮೆ ನೋಡಿದ. ಮುಚ್ಚಳ ಹಾಕಿದ. ಬೊಮ್ಮಣ್ಣನ ಅಂಗಿಯನ್ನು ಹಲಗೆಯ ಮೇಲೆ ಹರವಿ, ನೀರು ಚಿಮುಕಿಸಿ, ಅದೇ ಕೆಂಡದಲ್ಲಿ ಒತ್ತತೊಡಗಿದ.