ಅಟ್ಟದ ಕೆಳಗಿನ ಬೆಂಕಿ

ಎಪ್ಪತ್ತೆಂಟರಲ್ಲಿ ನಾನು ತಿಪಟೂರಿನಲ್ಲಿ ಎರಡನೇ ಬಿ.ಎಸ್ಸಿ. ಓದುತ್ತಿದ್ದೆ. ಶಕ್ತಿ ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಗುತ್ತದೆ ಎಂದು ಓದಿದಾಗಿನಿಂದ ಶೆಟ್ಟಿಕೆರೆಯ ನಮ್ಮ ಮನೆ ಸೋಮಾರಿಯಂತೆ ಕಾಣತೊಡಗಿತ್ತು. ಅಟ್ಟದ ಮೇಲೆ ಸಿಪ್ಪೆ ಸಮೇತ ಹರಡಿದ ತೆಂಗಿನಕಾಯಿ ಕೆಳಗಿನ ಒಲೆಯ ಬಿಸಿಗೆ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿದ್ದಿರಬೇಕು. ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲುಗಿಸಿದರೆ ಲೊಡಲೊಡ ಎನ್ನಬೇಕು. ಅಲ್ಲಿಯವರೆಗೆ ಯಾರಿಗೂ ಅವಸರವಿಲ್ಲ.

ಹಿಂದಿನ ಕೋಣೆಯ ಅಟ್ಟದಲ್ಲಿದ್ದ ಕಾಯಿ ಗೊಲ್ಲರಹಟ್ಟಿಯ ಕಾಳಕ್ಕನದು. ಅವಳ ಗುಡಿಸಲಿಗೆ ಅಟ್ಟವಿಲ್ಲ, ಹಾಗಾಗಿ ಪ್ರತಿ ವರ್ಷ ನಮ್ಮಲ್ಲಿಡುತ್ತಿದ್ದಳು. ಆ ವರ್ಷದ ಕೊಬ್ಬರಿ ಮಾರಿ ಮಗಳು ಚಿತ್ತಮ್ಮನಿಗೆ ಹೊಲಿಗೆ ಮಿಷನ್ ತರುವವಳಿದ್ದಳು. ಚಿಕ್ಕನಾಯಕನಹಳ್ಳಿಯ ಟೈಲರೊಬ್ಬ ತನ್ನ ಹಳೆಯ ಮಿಷನ್ನನ್ನು ಯುಗಾದಿವರೆಗೆ ಮಾತ್ರ ಇಟ್ಟಿರುತ್ತೇನೆ ಎಂದಿದ್ದ. ಕಾಯಿಗೆ ಇನ್ನೂ ನಾಲ್ಕು ತಿಂಗಳು ಬೇಕಿತ್ತು.

ಕಾಳಕ್ಕ ನನ್ನನ್ನು ಏನೂ ಕೇಳಿರಲಿಲ್ಲ. ಶಿವರಾತ್ರಿಗೆ ಮುಂಚೆ ಅಪ್ಪ ಅಮ್ಮ ಮಾಯಸಂದ್ರದ ಅತ್ತೆಯ ಮನೆಗೆ ಹೋದ ವಾರ, ಆ ಕೋಣೆಯಲ್ಲಿ ಕಬ್ಬಿಣದ ಬಾಣಲೆಯಿಟ್ಟು ಆರು ದಿನ ಕರಟದ ಬೆಂಕಿ ಹಾಕಿದೆ. ಮೂರನೆಯ ದಿನ ಒಂದು ಕಾಯಿ ಲೊಡಕ್ ಎಂದಿತು. ನನಗೆ ಕುಣಿಯುವಂತಾಯಿತು.

ಅಪ್ಪ ಬಂದ ಮೇಲೆ, ಕಾಯಿ ಆಗಲೇ ಲೊಡಲೊಡ ಎನ್ನುತ್ತಿದೆ ಎಂದಷ್ಟೇ ಕಾಳಕ್ಕನಿಗೆ ಹೇಳಿಕಳಿಸಿದೆ. ಅವಳು ಬಂದು ಕಾಯಿ ಸುಲಿದು ಒಡೆದಳು. ಕೊಬ್ಬರಿ ಸೀಳಿ ಕರಟಕ್ಕೆ ಅಂಟಿತ್ತು, ಒಳಗೆ ಹೊಗೆಯ ಬಣ್ಣ. ಹತ್ತು ಒಡೆದರೂ ಹಾಗೇ. ಅಪ್ಪ ಒಂದು ಹೋಳು ಮೂಸಿ ನನ್ನ ಕಡೆ ನೋಡಿದರು. ಆಮೇಲೆ ಅವಳ ಕಡೆ ತಿರುಗಿ, "ಎಳೇ ಕಾಯ್ನೇ ಕೀಳ್ಸಿದ್ದೀಯ ಕಣಕ್ಕ. ಅಟ್ಟ ಏನ್ ಮಾಡೀತು?" ಎಂದರು.

ಬಾಯಿ ತೆರೆಯಲು ನನಗೆ ಸಮಯವಿತ್ತು. ಅವಳು ಚೂರುಗಳನ್ನೆಲ್ಲ ಆಯ್ದು ಚೀಲಕ್ಕೆ ತುಂಬುವಷ್ಟು ಸಮಯ. ಕಾಯಿ ಕಿತ್ತ ತಿಮ್ಮಯ್ಯನಿಗೆ ಕಣ್ಣು ಕಾಣುವುದಿಲ್ಲವೆಂದು ಬೈದುಕೊಂಡು ಅವಳು ಹೋದಳು.

ಯುಗಾದಿ ಕಳೆಯಿತು. ಮಿಷನ್ ಹುಳಿಯಾರಿನ ಯಾರಿಗೋ ಹೋಯಿತು. ಕೆಟ್ಟ ಕೊಬ್ಬರಿಯನ್ನು ಕಾಳಕ್ಕ ಗಾಣಕ್ಕೆ ಹಾಕಿಸಿ, ಅಟ್ಟ ಕೊಟ್ಟ ಮನೆಗೆಂದು ಒಂದು ಸೀಸೆ ಎಣ್ಣೆ ತಂದಿಟ್ಟಳು. ತಲೆಗೆ ಹಚ್ಚಲಾಗದ ಕಮಟು ಎಣ್ಣೆ. ಒಂದು ಸಂಜೆ ಕರೆಂಟು ಹೋದಾಗ ಅಮ್ಮ ಅದನ್ನೇ ದೀಪಕ್ಕೆ ಸುರಿದು ನನ್ನ ಪುಸ್ತಕದ ಪಕ್ಕ ಇಟ್ಟರು. ಪರೀಕ್ಷೆ ಹತ್ತಿರವಿತ್ತು. ಆ ಬೆಳಕಿನಲ್ಲಿ ನಾನು ಒಂದು ಪುಟವನ್ನೂ ಓದಲಿಲ್ಲ.

ಮರುದಿನ ಹಟ್ಟಿಗೆ ಹೋದೆ. ಚಿತ್ತಮ್ಮ ಬಾಗಿಲಲ್ಲಿ ಕೂತು ರವಿಕೆಗೆ ಕೈಸೂಜಿಯಲ್ಲಿ ಹೊಲಿಗೆ ಹಾಕುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಕಾಳಕ್ಕ ಆಡಿಗೆ ಸೊಪ್ಪು ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣಪ್ಪ. ಸಿಪ್ಪೆ ಸುಲೀವಾಗ್ಲೇ ಹೊಗೆ ವಾಸ್ನೆ ಬತ್ತಿತ್ತು."

ಹಾಗಾದರೆ ಅಪ್ಪನ ಮುಂದೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ಬರೋ ವರ್ಸದ ಕಾಯಿ ಎಲ್ಲಿಡ್ಲಿ?"

ಚಿತ್ತಮ್ಮ ತಲೆಯೆತ್ತದೆ ದಾರ ಕಡಿದಳು. "ಇನ್ನೊಂದ್ಸಲ ಬೆಂಕಿ ಹಾಕೋವಾಗ ಹೇಳ್ಕಳ್ಸಿ ಅಣ್ಣ. ನೋಡಕ್ಕಾದ್ರೂ ಬತ್ತೀವಿ."

ಕಾಳಕ್ಕ ಅವಳನ್ನು ಗದರಿ, ನನ್ನನ್ನು ದಾರಿಯವರೆಗೆ ಬಿಡಲು ಬಂದಳು. ಬೇಲಿಯ ಹತ್ತಿರ ದನಿ ತಗ್ಗಿಸಿದಳು.

"ನಂಗೆ ಗೊತ್ತಾಗೈತೆ ಅಂತ ನಿಮ್ಮಪ್ಪಾರಿಗೆ ಹೇಳ್ಬ್ಯಾಡ ಕಣಪ್ಪ."

ನಾನು ಹೇಳಲಿಲ್ಲ.