ಮೀನಿನ ನೀರು

ಗುರುಸಿದ್ದಪ್ಪ ನೆಲಕ್ಕೆ ಮೊಣಕಾಲೂರಿ, ಮೀನಿನ ತೊಟ್ಟಿಯ ಗಾಜಿಗೆ ಕೆನ್ನೆ ಒತ್ತಿ, ಮೊಬೈಲಿನ ಬೆಳಕನ್ನು ಮಣ್ಣಿನ ಕೊಳವೆಯ ಬಾಯಿಗೆ ಹಿಡಿದ. ಮೊದಲು ಕಂಡದ್ದು ಗಂಡು ಮೀನಿನ ಬಾಲವಷ್ಟೇ. ಬೀಸಣಿಗೆಯ ಹಾಗೆ ಅತ್ತ ಇತ್ತ ಆಡುತ್ತಿತ್ತು. ಅದು ಒಂದು ಕ್ಷಣ ವಾರೆಯಾದಾಗ, ಅದರಾಚೆ ಕೊಳವೆಯ ತಳದಲ್ಲಿ, ಕಿತ್ತಳೆ ಬಣ್ಣದ ಗೊಂಚಲೊಂದು ಕಂಡು ಮರೆಯಾಯಿತು. ಒಂದೊಂದೂ ಜೋಳದ ಕಾಳಿನಷ್ಟು ದಪ್ಪ. ಎಣಿಸಲು ಹೋಗಿ ಹದಿನೈದಕ್ಕೆ ತಪ್ಪಿದ.

"ಶಿವದೇವಿ, ಲಗೂನ ಬಾ ಇಲ್ಲಿ! ತತ್ತಿ ಇಟ್ಟೈತಿ!"

ಶಿವದೇವಿ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದು ಬಗ್ಗಿ ನೋಡಿದಳು. "ಎಲ್ಲೈತ್ರಿ? ಹೆಣ್ಣು ಅಲ್ಲಿ ಹಾಯಾಗಿ ಸೌತಿಕಾಯಿ ತಿನ್ನಾಕತ್ತೈತಿ."

"ಹೆಣ್ಣಿನ ಕೆಲಸ ಮುಗೀತು. ತತ್ತಿ ಇಟ್ಟು ಹೊರಗ ಬಂತು. ಇನ್ನ ಕಾಯೂದು, ಗಾಳಿ ಹಾಕೂದು ಎಲ್ಲಾ ಗಂಡಿಂದು. ಮರಿ ಹೊರಗ ಬರೂತನಕ ಅದು ಉಣ್ಣಾಕೂ ಏಳೂದಿಲ್ಲ."

"ಗಂಡು ಬಾಣಂತನ ಮಾಡತೈತಿ ಅನ್ರಿ. ನಾ ಎರಡು ಹಡದೆ, ನೀವು ಒಂದಿನಾನೂ ಡ್ಯೂಟಿ ಬಿಟ್ಟು ಬರ್ಲಿಲ್ಲ," ಎಂದು ಶಿವದೇವಿ ಸೆರಗಿನಲ್ಲಿ ನಕ್ಕು ಒಳಗೆ ಹೋದಳು. ಇನ್ನೊಂದು ದಿನವಾಗಿದ್ದರೆ ಗುರುಸಿದ್ದಪ್ಪ ಏನಾದರೂ ತಿರುಗಿ ಅನ್ನುತ್ತಿದ್ದ. ಇವತ್ತು ಅವನಿಗೆ ಅದರ ಕಡೆ ಗಮನವೇ ಇರಲಿಲ್ಲ.

ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಈ ಅಪಾರ್ಟ್‌ಮೆಂಟಿನಲ್ಲಿ ಅವರದು ಎರಡನೆಯ ಮಹಡಿ. ಲಿಂಗಸುಗೂರಿನಿಂದ ಇಪ್ಪತ್ತೆರಡರ ವಯಸ್ಸಿನಲ್ಲಿ ಬಂದು, ಸರಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ಲೇತ್ ಯಂತ್ರದ ಮುಂದೆ ನಿಂತು, ನಿವೃತ್ತನಾದ ಮೇಲೆ ಅವನು ಹಚ್ಚಿಕೊಂಡ ಹುಚ್ಚು ಇದೊಂದೇ. ಮೆಹದಿಪಟ್ಟಣಂನ ಸಾಯಿಕುಮಾರನ ಅಂಗಡಿಯಿಂದ ತಂದ ಜೋಡಿ. ಪ್ಲೆಕೊ ಎಂದು ಅವುಗಳ ಹೆಸರು. ಕಪ್ಪು ಮೈ, ಮೇಲೆ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆ, ಕಲ್ಲಿಗೆ ಗಾಜಿಗೆ ಕಚ್ಚಿಕೊಳ್ಳುವ ಬಾಯಿ. ಗಂಡಿನ ಮೂತಿಯ ಮೇಲೆ ಜಾಲಿಯ ಮುಳ್ಳಿನಂಥ ಮೀಸೆ. ಕತ್ತಲ ಗವಿ ಇದ್ದರೆ ಮಾತ್ರ ಮೊಟ್ಟೆ ಇಡುವ ಜಾತಿ ಎಂದು ತಿಳಿದು, ಒಂದು ಬದಿ ಮುಚ್ಚಿದ ಮಣ್ಣಿನ ಕೊಳವೆ ತಂದು ಇಟ್ಟಿದ್ದ. ಎರಡು ವರ್ಷ ಗವಿ ಖಾಲಿ ಇತ್ತು.

"ಅವುಗಳ ಊರಲ್ಲಿ ಹೊಸ ಮಳೆ ಬಿದ್ದು, ನದಿಗೆ ತಂಪು ನೀರು ಬಂದಾಗಲೇ ಅವು ಗವಿ ಸೇರೋದು ಸಾರ್," ಎಂದಿದ್ದ ಸಾಯಿಕುಮಾರ. "ವಾರಕ್ಕೆ ಎರಡು ಸಲ ಅರ್ಧ ತೊಟ್ಟಿ ನೀರು ತೆಗೆದು, ಹೊಸಾ ತಂಪು ನೀರು ಹಾಕಿ. ಅವಕ್ಕೆ ಮಳೆ ಬಂತು ಅನ್ನಿಸಬೇಕು."

ಅವನು ಹಾಗೆ ಹೇಳಿದ್ದು ಏಪ್ರಿಲ್‌ನಲ್ಲಿ. ಯುಗಾದಿಗೆ ಮೊದಲೇ ಅಪಾರ್ಟ್‌ಮೆಂಟಿನ ಬೋರು ಬತ್ತಿತ್ತು. ನಲ್ಲಿ ನೀರು ದಿನ ಬಿಟ್ಟು ದಿನ, ಅದೂ ಬಂದರೆ ಬಂತು. ಟ್ಯಾಂಕರಿಗೆ ಹೇಳಿದರೆ ಮೂರು ದಿನ ಕಾಯಬೇಕು. ಹನ್ನೆರಡು ಮನೆಯವರೂ ಕೂಡಿ ಒಂದು ಕಟ್ಟಳೆ ಮಾಡಿಕೊಂಡಿದ್ದರು: ಮಾಳಿಗೆಯ ಟಾಕಿಯಿಂದ ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ನೀರು. ಒಂದೊಂದು ಮನೆಯ ಪೈಪಿಗೂ ಒಂದೊಂದು ವಾಲ್ವು. ಅದನ್ನು ತಿರುವುವ ಕೀಲಿ ಗುರುಸಿದ್ದಪ್ಪನ ಕೈಯಲ್ಲಿ. ಹಗಲೆಲ್ಲ ಮನೆಯಲ್ಲಿರುವವನು, ಮೇಲಾಗಿ ನಂಬಿಕಸ್ತ. ಲಿಫ್ಟಿನ ಬಾಗಿಲಿಗೆ ‘ಹನಿ ನೀರೂ ಹಾಳು ಮಾಡಬೇಡಿ’ ಎಂದು ಮೂರು ಭಾಷೆಯಲ್ಲಿ ಬರೆದು ಅಂಟಿಸಿದವನೂ ಅವನೇ. ಮೂರನೆಯ ಮಹಡಿಯ ಶ್ರೀಲಕ್ಷ್ಮಿ ಟೀಚರು ಒಂದು ಭಾನುವಾರ ಅರ್ಧ ಬಕೆಟ್ ನೀರಿನಲ್ಲಿ ಸ್ಕೂಟಿ ಒರೆಸುತ್ತಿದ್ದಾಗ, ನಾಲ್ಕು ಜನರ ಎದುರು ಆಕೆಗೆ ಬುದ್ಧಿ ಹೇಳಿದ್ದ.

ಮಧ್ಯಾಹ್ನ ಎರಡು ಗಂಟೆಗೆ, ದುಡಿಯುವವರು ಆಫೀಸಿನಲ್ಲಿ, ಉಳಿದವರು ನಿದ್ದೆಯಲ್ಲಿದ್ದಾಗ, ಅವನು ಮಾಳಿಗೆಗೆ ಹೋಗಿ ತನ್ನ ಮನೆಯ ವಾಲ್ವನ್ನು ಹತ್ತು ನಿಮಿಷ ತಿರುವತೊಡಗಿದ. ಆರು ಬಕೆಟ್ಟು ಹಿಡಿದು, ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದ ಬಾಟಲಿಗಳನ್ನು ಅದರಲ್ಲಿ ತೇಲಿಬಿಟ್ಟು ತಣ್ಣಗೆ ಮಾಡಿ, ತೊಟ್ಟಿಗೆ ನಿಧಾನ ಸುರಿಯುತ್ತಿದ್ದ. ಮೊದಲ ದಿನ ಮೆಟ್ಟಿಲಿಳಿಯುವಾಗ ಎದೆ ಹೊಡೆದುಕೊಂಡಿತ್ತು. ನಾಲ್ಕನೆಯ ಸಲ ಅದೂ ಇಲ್ಲ. ಕಳವು ಎಂಬ ಮಾತು ಮನಸ್ಸಿಗೆ ಬರಲಿಲ್ಲ; ಇನ್‌ಚಾರ್ಜ್ ಎಂಬ ಮಾತು ಬಂತು.

"ಯಾರಿಗರ ಗೊತ್ತಾದ್ರ?" ಎಂದು ಶಿವದೇವಿ ಒಮ್ಮೆ ಕೇಳಿದ್ದಳು.

"ಊರ ತುಂಬ ಡಂಗುರಾ ಹೊಡಿ ನೀನು," ಎಂದು ಅವನು ಬಾಯಿ ಮುಚ್ಚಿಸಿದ್ದ.

ತೆಗೆದ ಹಳೆಯ ನೀರನ್ನು ಬಚ್ಚಲಿಗೆ ಬಿಡುತ್ತಿದ್ದುದನ್ನು ಪಾತ್ರೆ ತಿಕ್ಕಲು ಬಂದ ಸೂಗಮ್ಮ ನೋಡಿದಳು. ವಾಚ್‌ಮನ್ ಬಂಡೆಪ್ಪನ ಹೆಂಡತಿ, ಶಹಾಪುರ ಕಡೆಯವಳು. ಗಂಡ ಹೆಂಡತಿ ಕೆಳಗೆ ಮೆಟ್ಟಿಲ ಪಕ್ಕದ ಕೋಣೆಯಲ್ಲಿದ್ದರು.

"ಅಯ್ಯ ಸಾಹೇಬ್ರ, ಚೆಲ್ಲಬ್ಯಾಡ್ರಿ. ನನಗ ಕೊಡ್ರಿ, ಅರಿಬಿ ಒಗ್ಯಾಕ ಬರ್ತೈತಿ."

"ಮೀನಿನ ನೀರವ್ವ, ನಾರ್ತೈತಿ."

"ನಾರಿದ್ರ ನಾರವಲ್ದ್ಯಾಕ. ನಮ್ಮ ಮೈಯೇನು ಅತ್ತರದಾಗ ತೊಯ್ದೈತೇನ್ರಿ?"

ಅವಳು ಬಕೆಟ್ಟುಗಳನ್ನು ಒಂದೊಂದಾಗಿ ಕೆಳಗೆ ಒಯ್ದು ನೀಲಿ ಡ್ರಮ್ಮಿಗೆ ಸುರಿದುಕೊಂಡಳು. ಅಂದಿನಿಂದ ಗುರುಸಿದ್ದಪ್ಪನ ಎದೆ ಇನ್ನಷ್ಟು ಹಗುರಾಯಿತು. ನೀರು ಹಾಳಾಗಲಿಲ್ಲವಲ್ಲ, ಬಡವರಿಗೆ ದಕ್ಕಿತಲ್ಲ ಎಂದುಕೊಂಡ. ಈ ನೀರು ಎಲ್ಲಿಂದ ಬಂತು ಎಂದು ಸೂಗಮ್ಮ ಕೇಳಲಿಲ್ಲ. ಎರಡು ಗಂಟೆಗೆ ಅವನು ಮಾಳಿಗೆ ಹತ್ತುವ ದಾರಿ ಅವಳ ಬಾಗಿಲ ಮುಂದಿನ ಮೆಟ್ಟಿಲಿಂದಲೇ ಕಾಣುತ್ತಿತ್ತು.

ತತ್ತಿ ಕಂಡ ದಿನ ಶನಿವಾರ. ಆ ಮಧ್ಯಾಹ್ನ ಅವನ ಕೈ ಆರು ಬಕೆಟ್ಟಿಗೆ ನಿಲ್ಲಲಿಲ್ಲ. ಮರಿಗಳು ಹೊರಬರುವ ಹೊತ್ತಿಗೆ ನೀರಿಗೆ ಕೊರತೆಯಾಗಬಾರದು ಎಂದು ಬಚ್ಚಲಲ್ಲಿದ್ದ ಎರಡು ದೊಡ್ಡ ಡ್ರಮ್ಮುಗಳನ್ನೂ ತುಂಬಿಸಿಕೊಂಡ. ರಾತ್ರಿ ಬರಬೇಕಾಗಿದ್ದ ನಲ್ಲಿ ನೀರು ಬರಲಿಲ್ಲ.

ಭಾನುವಾರ ಬೆಳಿಗ್ಗೆ ಏಳೂ ಹತ್ತಕ್ಕೆ ಟಾಕಿ ಬರಿದಾಯಿತು.

ಶ್ರೀಲಕ್ಷ್ಮಿ ಟೀಚರು ತಲೆಗೆ ಸೋಪು ಹಚ್ಚಿದ ಮಗುವನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡೇ ಕೆಳಗಿಳಿದು ಬಂದಳು. ಮಗು ಕಣ್ಣುರಿಯೆಂದು ಕಿರುಚುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಪಾರ್ಕಿಂಗಿನಲ್ಲಿ ಸೇರಿದರು. ಅಸೋಸಿಯೇಷನ್ನಿನ ಸೆಕ್ರೆಟರಿ ಸೂರಜ್, ಅಬಿಡ್ಸಿನಲ್ಲಿ ಕನ್ನಡಕದ ಅಂಗಡಿ ಇಟ್ಟವನು, ನಿನ್ನೆ ಬೆಳಿಗ್ಗೆ ತಾನೇ ಮಾಳಿಗೆಗೆ ಹೋಗಿ ನೋಡಿದ್ದಾಗಿ, ಅರ್ಧ ಟಾಕಿ ನೀರು ಇದ್ದುದಾಗಿ ಆಣೆ ಮಾಡಿ ಹೇಳಿದ. ಹೇಳುತ್ತಲೇ ಅತ್ತಿತ್ತ ನಡೆದವನು ಮೆಟ್ಟಿಲ ಕೆಳಗಿನ ಡ್ರಮ್ಮಿನ ಮುಚ್ಚಳ ತೆಗೆದ. ಕಂಠಮಟ್ಟ ನೀರು.

"ಇತ್ತಾ ಪಾನಿ ಕಾಂ ಸೇ ಆಯಾ?" ಇಷ್ಟು ನೀರು ಎಲ್ಲಿಂದ ಬಂತು ಎಂದು ಬಂಡೆಪ್ಪನನ್ನು ಕೇಳಿದ. ಬಂಡೆಪ್ಪ ಹೆಂಡತಿಯನ್ನು ನೋಡಿದ.

ಗುರುಸಿದ್ದಪ್ಪ ಡ್ರಮ್ಮಿನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದ. ಅಲ್ಲಿಂದಲೇ ಅವನಿಗೆ ನೀರಿನ ಬಣ್ಣ ಕಾಣುತ್ತಿತ್ತು; ತೊಟ್ಟಿಯಲ್ಲಿ ಹಾಕಿದ ಮರದ ಬೇರಿನಿಂದ ಇಳಿದ ತೆಳು ಚಹಾದಂಥ ಬಣ್ಣ. ಮೇಲೆ ಸೌತೆಯ ಸಿಪ್ಪೆಯ ಚೂರೊಂದು ತೇಲುತ್ತಿತ್ತು. ಯಾರಾದರೂ ಬಗ್ಗಿ ಮೂಸಿದರೆ ಸಾಕಿತ್ತು. ಯಾರೂ ಬಗ್ಗಲಿಲ್ಲ. ನೀರು ಕಂಡಿತ್ತು, ಕಳ್ಳರೂ ಕಂಡಿದ್ದರು.

ಸೂಗಮ್ಮ ತಲೆ ಎತ್ತಿ ಒಂದೇ ಒಂದು ಸಲ ಅವನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟೂ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ನೀವು ಹೇಳುತ್ತೀರೋ ಎಂದು ಕೇಳಿದಂತಿತ್ತು, ಅಷ್ಟೇ. ಅವನು ಮುಖ ತಿರುಗಿಸಿದ. ಮೇಲೆ ತನ್ನ ಬಚ್ಚಲಲ್ಲಿ ತುಂಬಿ ನಿಂತ ಎರಡು ಡ್ರಮ್ಮುಗಳು ಕಣ್ಣ ಮುಂದೆ ಬಂದವು. ಅವಳು ತುಸು ಹೊತ್ತು ಕಾದು, ನೆಲ ನೋಡುತ್ತ, ತನ್ನ ಹರಕು ಹಿಂದಿಯಲ್ಲಿ, ಹಿಂದಿನ ಕಟ್ಟಡದ ಕೆಲಸದ ಜಾಗದಿಂದ ಹೊತ್ತು ತಂದೆ ಎಂದಳು.

"ಅಕ್ಕಡ ಕೂಡಾ ನೀಳ್ಳು ಲೇವು ಕದಾ," ಅಲ್ಲೂ ನೀರಿಲ್ಲವಲ್ಲ, ಎಂದು ಶ್ರೀಲಕ್ಷ್ಮಿ ನಕ್ಕಳು. ಅಳುವ ಮಗುವನ್ನು ತೋರಿಸಿ ಇನ್ನೂ ಏನೇನೋ ಅಂದಳು. ತಿಂಗಳು ಮುಗಿಯುವುದರೊಳಗೆ ಕೋಣೆ ಖಾಲಿ ಮಾಡಬೇಕೆಂದು ಸೂರಜ್ ಹೇಳಿದ.

"ಹೋಗಲಿ ಬಿಡಿ, ದೊಡ್ಡದು ಮಾಡಬೇಡಿ," ಎಂಬ ಮಾತು ಕೇಳಿಸಿತು. ಅದು ತನ್ನದೇ ಧ್ವನಿ ಎಂದು ಗುರುಸಿದ್ದಪ್ಪನಿಗೆ ತಿಳಿಯಲು ಕ್ಷಣ ಹಿಡಿಯಿತು.

"ನಿಮ್ಮಂಥವರು ಇದ್ದುದಕ್ಕೆ ಇಷ್ಟಾದರೂ ನಡೆದಿದೆ ಅಂಕಲ್," ಎಂದು ಸೂರಜ್ ಅವನ ಭುಜ ಮುಟ್ಟಿದ. ಬಂಡೆಪ್ಪ ಆ ಕಡೆಯಿಂದ ಗುರುಸಿದ್ದಪ್ಪನಿಗೆ ಕೈ ಮುಗಿದ. ಬಂಡೆಪ್ಪನಿಗೆ ಏನೂ ಗೊತ್ತಿರಲಿಲ್ಲ. ತಮ್ಮ ಕಡೆಯ ಹಿರಿಯರು ತಮ್ಮ ಪರ ಮಾತಾಡಿದರೆಂದು ಮುಗಿದಿದ್ದ.

ಆ ಮಧ್ಯಾಹ್ನ ಶಿವದೇವಿ ತಾಟಿಗೆ ರೊಟ್ಟಿ ಹಾಕಿ ಎದುರಿಗೇ ಕೂತಳು.

"ಹೇಳಿ ಬರ್ರಿ."

"ಏನಂತ?"

"ಇದ್ದದ್ದು."

"ಮೂವತ್ತಾರು ವರ್ಷ ಒಂದು ಮೊಳಿ ಮನೀಗೆ ತಂದಿಲ್ಲ ನಾನು. ಈಗ ಮೀನಿಗೆ ನೀರು ಕದ್ದೆ ಅಂತ ಹೇಳ್ಲ್ಯಾ?"

ಅವಳು ಎದ್ದು ಒಳಗೆ ಹೋದಳು. ಪಲ್ಯ ಬಡಿಸಲೂ ಇಲ್ಲ.

ಸೋಮವಾರ ಸೂಗಮ್ಮ ಎಂದಿನಂತೆ ಎಂಟಕ್ಕೆ ಬಂದಳು. ಸಿಂಕಿನಲ್ಲಿ ಪಾತ್ರೆಗಳ ಸದ್ದು. ಗುರುಸಿದ್ದಪ್ಪ ತೊಟ್ಟಿಯ ಮುಂದೆ ಕೂತಿದ್ದ. ಗವಿಯೊಳಗೆ ಗಂಡು ಇನ್ನೂ ಬಾಲ ಬೀಸುತ್ತಲೇ ಇತ್ತು. ಸೌತೆಯ ಹೋಳು ಬಾಗಿಲಲ್ಲೇ ಬಿದ್ದು ಬೆಳ್ಳಗಾಗಿತ್ತು. ಶನಿವಾರವೆಲ್ಲ ಅದನ್ನು ನೋಡಿ ನೋಡಿ ಹಿಗ್ಗಿದವನಿಗೆ ಈಗ ಅದರ ಕಡೆ ಕಣ್ಣು ಹಾಯಿಸಲಾಗಲಿಲ್ಲ. ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಸೂಗಮ್ಮ, ನೀ ಯಾಕ ಹೇಳ್ಲಿಲ್ಲವಾ?"

ಅವಳು ತಿರುಗದೆ ಬೋಗುಣಿ ತಿಕ್ಕಿದಳು. "ನಾ ಹೇಳಿದ್ರ ಯಾರ್ ನಂಬ್ತಿದ್ರು ಸಾಹೇಬ್ರ?"

"ಆದ್ರೂ…"

"ನೀವೂ ಅಲ್ಲೇ ಇದ್ರೆಲ್ಲರಿ," ಎಂದಳು. ದನಿ ಏರಲಿಲ್ಲ. ನಿನ್ನೆ ಉಪ್ಪು ಮುಗಿದಿತ್ತಲ್ಲ ಎಂದು ನೆನಪಿಸುವ ಹಾಗೆ ಅಂದು, ಬೋಗುಣಿ ಬೋರಲು ಹಾಕಿ, ಕೈ ಒರೆಸಿಕೊಂಡು ಹೋದಳು.

ಸಂಜೆ ಸೂರಜ್ ಅಂಗಡಿಯಿಂದ ಬರುವುದನ್ನು ಗೇಟಿನ ಬಳಿ ಕಾದು ನಿಂತು ಗುರುಸಿದ್ದಪ್ಪ ಎಲ್ಲವನ್ನೂ ಹೇಳಿದ. ಹೇಳಲು ಇಡೀ ದಿನ ಮಾತು ಜೋಡಿಸಿಕೊಂಡಿದ್ದ; ಬಾಯಿಂದ ಬಂದದ್ದು ಮಾತ್ರ ಚೂರು ಚೂರು. ಶ್ರೀಲಕ್ಷ್ಮಿಯೂ ಇನ್ನಿಬ್ಬರೂ ಅಷ್ಟರಲ್ಲಿ ಬಂದು ಸೇರಿದ್ದರು. ವಾಲ್ವಿನ ಕೀಲಿಯನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದ. ಬೈಯಲಿ, ಕೂಗಾಡಲಿ ಎಂದು ಕಾದ.

ಸೂರಜ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಚ್ಛೀ ಕೆ ವಾಸ್ತೇ? ಅರೇ ಅಂಕಲ್, ಪೈಲೇಚ್ ಬೋಲ್ನಾ ಥಾ ನಾ!" ಮೀನಿಗಾಗಿಯೇ, ಮೊದಲೇ ಹೇಳಬಾರದಿತ್ತೇ ಎಂದ.

ಎಲ್ಲರೂ ನಕ್ಕರು. ಮರಿ ಯಾವಾಗ ಬರುತ್ತದೆ, ತನ್ನ ಮಗುವಿಗೆ ತೋರಿಸಬೇಕು ಎಂದಳು ಶ್ರೀಲಕ್ಷ್ಮಿ. ಗಂಡೇ ಕಾಯುತ್ತದೆಯೇ ಎಂದು ಇನ್ನೊಬ್ಬಾಕೆ ಕೇಳಿ, ತನ್ನ ಗಂಡನಿಗೂ ಕಳಿಸಬೇಕು, ಫೋಟೊ ಇದ್ದರೆ ಕೊಡಿ ಅಂದಳು. ಸೂರಜ್ ಕೀಲಿಯನ್ನು ಮುಟ್ಟಲಿಲ್ಲ. ಗುರುಸಿದ್ದಪ್ಪನ ಬೆರಳುಗಳನ್ನೇ ಅದರ ಮೇಲೆ ಮಡಚಿದ.

"ಆ ಹೆಣ್ಣುಮಗಳಿಗೆ ಅಂದದ್ದು…" ಎಂದು ಗುರುಸಿದ್ದಪ್ಪ ತೊದಲಿದ.

"ಹಾಂ ಹಾಂ, ಇರಲಿ ಬಿಡಿ, ಅವರು ಇಲ್ಲೇ ಇರಲಿ," ಎಂದು ಸೂರಜ್ ಲಿಫ್ಟಿನ ಕಡೆ ನಡೆದ. ಹತ್ತು ಹೆಜ್ಜೆ ಆಚೆ ತನ್ನ ಕೋಣೆಯ ಮುಂದೆ ಸೂಗಮ್ಮ ಅಕ್ಕಿ ಆರಿಸುತ್ತಿದ್ದಳು. ಅವಳ ಹತ್ತಿರ ಯಾರೂ ಹೋಗಲಿಲ್ಲ. ಗುರುಸಿದ್ದಪ್ಪ ಹೋದ; ಹೋಗಿ ನಿಂತ.

"ಹೇಳೀನಿ," ಎಂದ ಕೊನೆಗೆ.

"ಕೇಳಿಸ್ತ್ರಿ, ನಕ್ಕಿದ್ದು," ಎಂದಳು ಅವಳು. ಮೊರ ಕುಟ್ಟಿ ಹೊಟ್ಟು ಹಾರಿಸಿದಳು.

ಮಂಗಳವಾರ ಬೆಳಿಗ್ಗೆ ಟ್ಯಾಂಕರು ಬಂತು. ಮೋಟರು ಕೆಟ್ಟು ಮಾಳಿಗೆಗೆ ನೀರು ಏರದ್ದರಿಂದ, ಎಲ್ಲರೂ ಬಕೆಟ್ಟು ಹಿಡಿದು ಗೇಟಿನಲ್ಲೇ ಸಾಲು ನಿಂತರು. ಬಂಡೆಪ್ಪ ದಪ್ಪ ಪೈಪು ಹಿಡಿದಿದ್ದ. ಗುರುಸಿದ್ದಪ್ಪ ಎರಡು ಬಕೆಟ್ಟು ತಂದು, ಸಾಲಿನ ತುದಿಯಲ್ಲಿ ಕೊಡ ಇಟ್ಟುಕೊಂಡು ನಿಂತಿದ್ದ ಸೂಗಮ್ಮನ ಹಿಂದೆ ನಿಂತ. ಅವಳು ಕೊಡ ಎತ್ತಿಕೊಂಡು ಅವನ ಹಿಂದೆ ಹೋದಳು. ಅವನು ಮತ್ತೆ ಅವಳ ಹಿಂದಕ್ಕೆ ಸರಿದ.

"ಮುಂದ ನಡೀರಿ ಸಾಹೇಬ್ರ," ಎಂದಳು ಸಣ್ಣ ದನಿಯಲ್ಲಿ, ತುಟಿ ಅಲ್ಲಾಡಿಸದೆ. "ಮಂದಿ ನೋಡಾಕತ್ತಾರ."

ಅವನು ಮುಂದೆ ನಡೆದ. ಸರದಿ ಬಂದಾಗ ಬಂಡೆಪ್ಪ ಗೌರವದಿಂದ ಪೈಪನ್ನು ಅವನ ಬಕೆಟ್ಟಿಗೆ ಇಳಿಸಿದ. ನೀರು ನೊರೆ ಎಬ್ಬಿಸುತ್ತ ಏರಿತು, ಅಂಚಿಗೆ ಬಂತು. ಗುರುಸಿದ್ದಪ್ಪ ಸಾಕು ಅನ್ನದೆ ನೀರನ್ನೇ ನೋಡುತ್ತ ನಿಂತ. ಬಕೆಟ್ಟು ತುಂಬಿ ಒಂದು ಬದಿಯಿಂದ ಹೊರಚೆಲ್ಲತೊಡಗಿತು. ಸೂಗಮ್ಮ ಹಿಂದಿನಿಂದ ಬಾಗಿ, ಸದ್ದಾಗದಂತೆ, ಚೆಲ್ಲುವ ನೀರಿನ ಕೆಳಗೆ ತನ್ನ ಕೊಡವನ್ನು ಸರಿಸಿ ಇಟ್ಟಳು.