ಎರಡು ಲೋಡು ಜಲ್ಲಿ

ಜೀಪು ತಿರುವು ದಾಟಿದ್ದೇ ತಡ, ಅಕ್ಕನ ಎದೆ ಧಸಕ್ಕೆಂದಿತು. ನಿನ್ನೆಯವರೆಗೆ ಹುಲ್ಲು ಆಳೆತ್ತರ ನಿಂತಿದ್ದ ಜೌಗಿನ ನಡುವೆ, ರಸ್ತೆಯಿಂದ ಹೊಳೆಯ ದಂಡೆಯ ತನಕ, ಹೊಸ ಜಲ್ಲಿಯ ದಾರಿಯೊಂದು ಬೆಳ್ಳಗೆ ಮಲಗಿತ್ತು. ಅದರ ರಸ್ತೆ ಕಡೆಯ ತುದಿಯಲ್ಲಿ ಅವಳ ತಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೀಗರನ್ನು ಎದುರುಗೊಳ್ಳುವವನ ಹಾಗೆ ಹಲ್ಲು ಕಿರಿದು ನಿಂತಿದ್ದ.

ಮನೆಯಲ್ಲಿ ಅವನ ಹೆಸರೇ ಗಡಿಬಿಡಿ. ಹುಟ್ಟುವಾಗಲೂ ಒಂದು ತಿಂಗಳು ಮೊದಲೇ ಬಂದವನು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗಾದೆ ಕಟ್ಟಿದವರು ಇವನನ್ನು ನೋಡಿದ್ದರೆ ಇನ್ನೂ ಖಾರವಾಗಿಯೇ ಕಟ್ಟುತ್ತಿದ್ದರು. ಹೊಳೆಗೆ ಕಾಲುಸೇತುವೆ ಕಟ್ಟುವ ಗುತ್ತಿಗೆ ಅವನದು, ಅದಕ್ಕೆ ಸರ್ಕಾರದ ಪರವಾನಗಿ ತರುವ ಕೆಲಸ ಅಕ್ಕನದು. ಹೊಳೆಯಲ್ಲಾಗಲಿ ಜೌಗಿನಲ್ಲಾಗಲಿ ಒಂದು ಕಂಬ ನೆಡಬೇಕೆಂದರೂ ಜನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಈ ಕಡತವೊಂದಕ್ಕೇ ಅವಳು ಹದಿನಾಲ್ಕು ತಿಂಗಳು ಚಪ್ಪಲಿ ಸವೆಸಿದ್ದಳು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಗುಂಡಿ ತೋಡುವುದು, ಬೂದು ಮಣ್ಣಿನಲ್ಲಿ ತುಕ್ಕಿನ ಬಣ್ಣದ ಗೆರೆ ಇದೆಯೇ ಎಂದು ನೋಡುವುದು. ಗೆರೆ ಇದ್ದರೆ ಅಲ್ಲಿ ನೀರು ನಿಲ್ಲುತ್ತದೆ, ಅದು ಜೌಗು. ಹಾಗೆ ನೋಡಿ ನೋಡಿ ಜೌಗಿನ ಅಂಚಿಗೆ ಮೂವತ್ತೊಂದು ಗುಲಾಬಿ ಬಾವುಟ ನೆಟ್ಟಿದ್ದಳು. ಇವತ್ತು ಜೀಪಿನಲ್ಲಿ ಜೊತೆಗೇ ಬಂದಿದ್ದ, ಪರವಾನಗಿ ಕೊಡುವ ಸಾಹೇಬರು ಬಾವುಟ ನೋಡಿ ರುಜು ಹಾಕಿಬಿಟ್ಟರೆ ಮಳೆಗಾಲದೊಳಗೆ ಸೇತುವೆ ಎದ್ದು ನಿಲ್ಲುತ್ತಿತ್ತು.

ನಿಲ್ಲಲೇಬೇಕಿತ್ತು. ಗಡಿಬಿಡಿಯ ಹೆಂಡತಿ ಆಚೆ ದಡದ ಶಾಲೆಯಲ್ಲಿ ಟೀಚರು, ನಾಲ್ಕು ತಿಂಗಳ ಬಸುರಿ. ಮಳೆ ಹಿಡಿಯುವ ಹೊತ್ತಿಗೆ ಏಳು ತುಂಬಿರುತ್ತದೆ. ದಿನಾ ಎರಡು ಸಲ ಚಪ್ಪಲಿ ಕೈಯಲ್ಲಿ ಹಿಡಿದು ಜೌಗು ತುಳಿಯಬೇಕು, ದೋಣಿ ಹತ್ತಬೇಕು. ಹೋದ ಮಳೆಗಾಲದಲ್ಲಿ ದೋಣಿ ಮಗುಚಿತ್ತು. ಪುಣ್ಯಕ್ಕೆ ಎಲ್ಲರೂ ಬದುಕಿದರು, ಅವಳ ಬ್ಯಾಗು ಮಾತ್ರ ಹೋಯಿತು. ಪುಣ್ಯ ಏನು ದಿನಾ ಕಾವಲು ಕೂತಿರುತ್ತದೆಯೇ?

ಅಕ್ಕ ಜೀಪಿನಿಂದ ಇಳಿದವಳೇ ಓಡಿದಳು.

“ಏನೋ ಮಾಡಿಟ್ಟಿದ್ದೀಯ?”

“ಸಾಹೇಬ್ರ ಬೂಟು ಕೆಸರಾಗಬಾರದು ಅಂತ, ಅಕ್ಕ. ಬೆಳಿಗ್ಗೆ ಇವಳು ದೋಣಿ ಹತ್ತಿದ ಮೇಲೆ ಎರಡು ಲೋಡು ಹೊಡೆಸಿದೆ. ಹೇಗಿದೆ? ನಿನ್ನ ಬಾವುಟ ಏನೂ ಹಾಳು ಮಾಡಿಲ್ಲ, ಎಲ್ಲಾ ಕಿತ್ತು ಜೋಪಾನವಾಗಿ ಕಟ್ಟಿಟ್ಟಿದ್ದೀನಿ.”

“ಅಯ್ಯೋ ನಿನ್ನ! ಪರವಾನಗಿ ಇಲ್ಲದೆ ಜೌಗಿಗೆ ಒಂದು ಬುಟ್ಟಿ ಮಣ್ಣೂ ಹಾಕೋ ಹಾಗಿಲ್ಲ ಕಣೋ! ನಾವು ಕೇಳ್ತಾ ಇರೋದೇ ಆ ಪರವಾನಗೀನ!”

ಗಡಿಬಿಡಿಯ ಮುಖ ಬಿಳಿಚಿಕೊಂಡಿತು. ಅಕ್ಕನಿಗೆ ಅವನ ಮೇಲೆ ಬಂದಷ್ಟೇ ಸಿಟ್ಟು ತನ್ನ ಮೇಲೂ ಬಂತು. ನಿನ್ನೆ ಫೋನಿನಲ್ಲಿ ‘ಹನ್ನೊಂದಕ್ಕೆ ಸಾಹೇಬರು ಬರ್ತಾರೆ’ ಎಂದಷ್ಟೇ ಹೇಳಿ ಇಟ್ಟಿದ್ದಳು. ಏನನ್ನೂ ಮುಟ್ಟಬೇಡ ಅನ್ನುವುದನ್ನೂ ಹೇಳಬೇಕೇ, ಅಷ್ಟು ಬುದ್ಧಿ ಇರುತ್ತದೆ ಅಂದುಕೊಂಡಿದ್ದಳು.

ಸಾಹೇಬರು ಜೀಪಿನ ಹಿಂಬದಿಯಿಂದ ಗಂಬೂಟು ತೆಗೆದು ನಿಧಾನವಾಗಿ ಹಾಕಿಕೊಂಡರು. ಜಲ್ಲಿಯ ಮೇಲೆ ನಾಲ್ಕು ಹೆಜ್ಜೆ ಇಟ್ಟು ನಿಂತರು.

“ಈ ದಾರಿ ಮೊದಲಿಂದ ಇತ್ತಾ?”

“ಹಳೇದು ಸರ್. ನಮ್ಮ ತಾತನ ಕಾಲದ್ದು!” ಗಡಿಬಿಡಿ ಬಡಬಡಿಸಿದ. ಟ್ರ್ಯಾಕ್ಟರಿನ ಗಾಲಿಯ ಗುರುತು ಅವನ ಕಾಲಬುಡದಲ್ಲೇ ಇನ್ನೂ ಹಸಿಯಾಗಿತ್ತು.

ಸಾಹೇಬರು ಅವನತ್ತ ನೋಡಲೇ ಇಲ್ಲ. “ನೀವು ಹೇಳಿ ಮೇಡಂ. ಜೌಗಿನ ನಕ್ಷೆಗೆ ರುಜು ಹಾಕಿರೋದು ನೀವು. ನೀವು ಹೇಳಿದ್ದನ್ನೇ ಬರ್ಕೊಳ್ತೀನಿ.”

ಹನ್ನೆರಡು ವರ್ಷದಿಂದ ಈ ಮನುಷ್ಯ ಅಕ್ಕನ ಬಾವುಟಗಳನ್ನು ನಂಬಿದ್ದ. ಹೌದು ಅಂದುಬಿಟ್ಟರೆ ಸಾಕು, ಸೇತುವೆ ಬರುತ್ತದೆ. ಇಲ್ಲ ಅಂದರೆ ಆ ಹುಡುಗಿ ತುಂಬಿದ ಹೊಟ್ಟೆ ಹೊತ್ತು ದೋಣಿ ಹತ್ತಬೇಕು. ಆದರೆ ಇವತ್ತು ಹೌದು ಅಂದ ಮೇಲೆ ನಾಳೆ ಯಾವ ಹೊಳೆಯ ದಂಡೆಯಲ್ಲಿ ನಿಂತು ಇದು ಜೌಗು, ಇದು ನೆಲ ಅಂತ ಹೇಳುವುದು?

“ಇಲ್ಲ ಸರ್. ಇವತ್ತು ಬೆಳಿಗ್ಗೆ ಹಾಕಿದ್ದು.”

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. ಅವರಿಗೂ ಬೇಜಾರಾಗಿತ್ತು. “ಎಲ್ಲಾ ಕೈಯಲ್ಲೇ ತೆಗೀಬೇಕು, ಯಂತ್ರ ಇಳಿಸೋ ಹಾಗಿಲ್ಲ. ಒಂದು ಮಳೆಗಾಲ ಹುಲ್ಲು ಚಿಗುರುತ್ತಾ ನೋಡ್ತೀವಿ. ಆಮೇಲೆ ಹೊಸ ಅರ್ಜಿ.” ಜೀಪು ಹತ್ತುವಾಗ ಗಡಿಬಿಡಿಗೆ ಹೇಳಿದರು: “ನಾನು ಎಲ್ಲಿಗೆ ಹೋದ್ರೂ ಗಂಬೂಟು ಒಯ್ತೀನಪ್ಪ. ಒಂದು ಮಾತು ಕೇಳಬಾರದಿತ್ತಾ?”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಧ್ಯಾಹ್ನವಿಡೀ ಅಕ್ಕ ತಮ್ಮ ರಸ್ತೆಯ ಕಡೆಯಿಂದ ಜಲ್ಲಿಯನ್ನು ಬುಟ್ಟಿಗೆ ತುಂಬಿ ತುಂಬಿ ಹೊತ್ತರು. ಸಂಜೆಯಾದರೂ ನಾಲ್ಕು ಮಾರು ಜಾಗವೂ ತೆರವಾಗಿರಲಿಲ್ಲ.

“ಹೌದು ಅಂತ ಒಂದು ಮಾತು ಅಂದಿದ್ರೆ ಮುಗೀತಿತ್ತು,” ಗಡಿಬಿಡಿ ಗೊಣಗಿದ.

“ನೀನು ಕೆಲಸ ಮಾಡು,” ಎಂದಳು ಅಕ್ಕ. ಬೈಯಲು ಅವಳಲ್ಲಿ ತ್ರಾಣ ಇರಲಿಲ್ಲ.

ಅಷ್ಟರಲ್ಲಿ ದೋಣಿ ದಡಕ್ಕೆ ತಾಗಿತು. ಟೀಚರು ಅಭ್ಯಾಸದ ಹಾಗೆ ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡು ಇಳಿದಳು. ಇಳಿದವಳು ಕಾಲ ಕೆಳಗೆ ನೋಡಿ ಹಾಗೇ ನಿಂತಳು.

“ಅಕ್ಕಾ! ಇದ್ಯಾರು ದಾರಿ ಮಾಡಿದ್ದು?” ಅವಳ ಮುಖ ಅರಳಿಹೋಗಿತ್ತು. ಗಂಡನನ್ನು ನೋಡಿದಳು. “ರೀ, ನೀವಾ? ನಂಗೋಸ್ಕರ? ಐದು ವರ್ಷದಿಂದ ಕೆಸರು ತುಳೀತಾ ಇದ್ದೀನಿ, ಕಡೆಗೂ ನೆನಪಾಯ್ತಲ್ಲ!”

ಗಡಿಬಿಡಿ ಬುಟ್ಟಿ ಕೆಳಗಿಟ್ಟ. ಜೀವಮಾನದಲ್ಲಿ ಮೊದಲ ಸಲ ಅವನ ಬಾಯಿಂದ ಮಾತು ತಡವಾಗಿ ಹೊರಟಿತು.

“ನಿಂಗಲ್ಲ ಕಣೇ. ಸಾಹೇಬ್ರ ಬೂಟಿಗೆ. ಅದ್ರಿಂದಾನೇ ಸೇತುವೆ ಹೋಯ್ತು. ಇದನ್ನೂ ಪೂರ್ತಿ ತೆಗೀಬೇಕು.”

ಅವಳು ಗಂಡನನ್ನು ನೋಡಿದಳು, ಅಕ್ಕನನ್ನು ನೋಡಿದಳು, ಅರ್ಧ ತುಂಬಿದ ಬುಟ್ಟಿಯನ್ನು ನೋಡಿದಳು. ಅಳುತ್ತಾಳೇನೋ ಎಂದು ಅಕ್ಕ ಹೆದರಿದಳು. ಅಳಲಿಲ್ಲ. ಬಗ್ಗಿ ಚಪ್ಪಲಿಯನ್ನು ನೆಲಕ್ಕೆ ಹಾಕಿ ಮೆಟ್ಟಿಕೊಂಡಳು.

“ಸ್ವಲ್ಪ ನಿಲ್ಸಿ,” ಎಂದಳು. “ಒಂದೇ ಒಂದು ಸಲ ಇದ್ರ ಮೇಲೆ ನಡೆದು ಮನೆಗೆ ಹೋಗ್ತೀನಿ. ಆಮೇಲೆ ತೆಗೀರಿ.”

ಅಕ್ಕ ಬುಟ್ಟಿಯನ್ನು ಎಳೆದುಕೊಂಡು ದಾರಿ ಬಿಟ್ಟು ಕೆಸರಿಗಿಳಿದು ನಿಂತಳು.